ಎಡತುದಿಯ ಎಲೆ

ದೊಡ್ಡವ್ವನ ಸೀರೆಯ ಎಡ ಹೆಗಲಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಕೆಲಗೇರಿಯ ತನ್ನ ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಬಾಗಿಲ ಪಕ್ಕದ ಗೋಡೆಗೆ ಹೆಗಲು ತಾಗಿಸಿಕೊಂಡೇ ಬರುತ್ತಿದ್ದಳು. "ಗ್ವಾಡಿಗೆ ನನ್ನ ಮ್ಯಾಲ ಭಾಳ ಪ್ರೀತಿ ನೋಡವಾ" ಎನ್ನುತ್ತಿದ್ದಳು. ನಾವೂ ನಗುತ್ತಿದ್ದೆವು.

ಅವಳು ನನ್ನ ಅವ್ವನ ಅಕ್ಕ. ಬಳಗದಲ್ಲಿ ಯಾರು ಊಟ ಹಾಕಿಸಿದರೂ ಬಡಿಸುವ ಹಿರಿತನ ಅವಳದೇ. ಸೆರಗು ಸಿಕ್ಕಿಸಿ ಹೋಳಿಗೆಯ ಬುಟ್ಟಿ ಹಿಡಿದಳೆಂದರೆ, ಕೂತವರು ಸಾವುಕಾರರೋ ಅವರ ಗಾಡಿ ಓಡಿಸುವವರೋ, ಅವಳಿಗೆ ಎಲ್ಲ ಎಲೆಯೂ ಒಂದೇ. ಸಾಕೆಂದು ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದಲೇ ತುಪ್ಪ ಬಿಡುವ ಜಾಣೆ. "ಉಣ್ಣಾಕ ಕುಂತಾವ್ರ ಎಲಿ ಖಾಲಿ ಇದ್ದರ ನನಗ ಸಮಾಧಾನ ಇಲ್ಲವಾ" ಎನ್ನುವಳು.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ್ದು ಅವಳ ಪಡಸಾಲೆಯಲ್ಲೇ. ಬೈರಿದೇವರಕೊಪ್ಪದಿಂದ ಬಂದ ನನ್ನ ಅತ್ತೆ ಸಾಲಿನ ತುದಿಗೆ, ಗೋಡೆಯ ಮೂಲೆಯಲ್ಲಿ ಕೂತಿದ್ದರು. ಹೋಳಿಗೆ ಬಡಿಸುತ್ತ ಬಂದ ದೊಡ್ಡವ್ವ, ತನ್ನ ಎಡಕ್ಕಿದ್ದ ಅವರನ್ನು ಬಿಟ್ಟು ಮುಂದಿನ ಸಾಲಿಗೆ ತಿರುಗಿದಳು. ತುಪ್ಪಕ್ಕೂ ಹಾಗೇ ಆಯಿತು. ಅತ್ತೆ ಎದ್ದುಬಿಟ್ಟರು.

"ಬೀಗರ ಎಲಿ ಕಾಣಲಿಲ್ಲೇನ್ರಿ ನಿಮಗ?"

ದೊಡ್ಡವ್ವ ಗಾಬರಿಯಾದಳು. "ಅಲ್ಲೆ ಯಾರೂ ಕುಂತಿದ್ದಿಲ್ಲಲ್ರಿ."

ಕೂತವರನ್ನೇ ಇಲ್ಲವೆಂದರೆ ಯಾವ ಬೀಗರು ತಡೆದಾರು? ಅತ್ತೆ ಎಲೆಅಡಿಕೆಯನ್ನೂ ಮುಟ್ಟದೆ ಹೋದರು.

ಅಡುಗೆಮನೆಯಲ್ಲಿ ದೊಡ್ಡವ್ವ ಅತ್ತಳು. "ನನ್ನ ಕೈಯಾಗ ಪಂಕ್ತಿಭೇದ ಆತಲ್ಲವಾ. ಖರೇನ ಅವರು ನನಗ ಕಾಣಲಿಲ್ಲ." ಅವಳು ಸುಳ್ಳು ಹೇಳುವವಳೇ ಅಲ್ಲ. ಸಮಾಧಾನ ಮಾಡುತ್ತ ಅವಳ ಹೆಗಲ ಸುಣ್ಣ ಒರೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಬಿಟ್ಟುಹೋದ ಎಲೆಯೂ ಎಡಗಡೆ, ಈ ಸುಣ್ಣವೂ ಎಡಗಡೆಯೇ.

ಕರೆದುಕೊಂಡು ಹೋಗಿ ತೋರಿಸಿದಾಗ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಗ್ಲಾಕೋಮಾ, ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಕೆಡುವ ರೋಗ, ಎಂದರು. ಎಡಗಣ್ಣಿನ ಪಕ್ಕದ ನೋಟ ಬಹುತೇಕ ಹೋಗಿತ್ತು, ಬಲಗಣ್ಣಿನಲ್ಲೂ ಶುರುವಾಗಿತ್ತು. ದೊಡ್ಡವ್ವ ಒಪ್ಪಲಿಲ್ಲ. "ಅಕ್ಕ್ಯಾಗಿನ ಹರಳ ಸೈತ ಕಾಣತಾವ್ರಿ ನನಗ."

"ಅದಕ್ಕ ಮೋಸ ಆಗೂದ್ರಿ ಅಮ್ಮಾರ. ನಡುವಿಂದು ಛಲೋ ಕಾಣತದ, ಅಂಚಿಂದು ಸದ್ದಿಲ್ಲದ ಹೋಗತದ. ಹೋದದ್ದು ತಿರುಗಿ ಬರೂದಿಲ್ಲ. ಇದ್ದದ್ದು ಉಳೀಬೇಕಂದ್ರ ದಿನಾ ಹನಿ ಹಾಕ್ಕೋಬೇಕು, ಬಿಡಬಾರದು."

ಅವಳು ನನ್ನ ಕೈ ಹಿಡಿದಳು. "ಅಂದ್ರ ನಾ ಬೇಕಂತ ಬಿಡಲಿಲ್ಲ. ಮೊದಲ ನಿಮ್ಮ ಅತ್ತಿಗೆ ಇದನ್ನ ಹೇಳು." ನೋಟ ಹೋದದ್ದಕ್ಕಿಂತ ಅವಳಿಗೆ ಅದೇ ದೊಡ್ಡದಾಗಿತ್ತು.

ರಕ್ತಸಂಬಂಧಿಗಳೂ ತೋರಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದಾಗ ನಾನು ಕೂಸಿನ ನೆಪ ಹೇಳಿದೆ. ದೊಡ್ಡವ್ವ ಔಷಧದ ಬಾಟಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ನೀ ಮಷಿನ್ ಮುಂದ ಕುಂಡ್ರೂತನಕ ನಾ ಹನಿ ಹಾಕ್ಕೊಳ್ಳೂದಿಲ್ಲ." ಎಂಥ ಹಟಮಾರಿ ಅಂತೀರಿ. ಕೂತೆ. ನನ್ನ ಕಣ್ಣಿನ ಒತ್ತಡವೂ ಹೆಚ್ಚಿತ್ತು. ನರಕ್ಕೆ ಪೆಟ್ಟು ಆಗಷ್ಟೇ ಶುರುವಾಗಿತ್ತು, ನೋಟ ಇನ್ನೂ ಹೋಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ನನ್ನ ಕೂಸನ್ನು ಆಡಿಸುತ್ತಿದ್ದವಳು ಕೇಳಿ, "ಲಗೂ ಸಿಕ್ತಲ್ಲ, ಸಾಕು" ಎಂದಳು.

ಆಮೇಲೆ ದಿನಾ ಸಂಜೆ ಫೋನು. "ಹಾಕ್ಕೊಂಡ್ಯಾ?" ಹೂಂ ಎಂದರೆ, "ಹಂಗಾರ ನಾನೂ ಹಾಕ್ಕೋತೇನಿ." ಅತ್ತೆಗೂ ವಿಷಯ ತಿಳಿದು ಮನಸ್ಸು ಕರಗಿತು. ಮುಂದಿನ ಪಂಕ್ತಿಗಳಲ್ಲಿ ಅವರೇ ದೊಡ್ಡವ್ವನ ಎಡಕ್ಕೆ ನಡೆಯುವರು: "ಇಲ್ಲೊಂದು ಎಲಿ ಐತ್ರಿ, ಬೀಗತೇರ."

ದೊಡ್ಡವ್ವ ಹೋದ ವರ್ಷ ಎದೆನೋವಿನಿಂದ ತೀರಿಕೊಂಡಳು. ಉಳಿದಿದ್ದ ನೋಟ ಕೊನೆಯವರೆಗೂ ಉಳಿದೇ ಇತ್ತು. ಅವಳ ಶಿವಗಣಾರಾಧನೆಯ ದಿನ ಅದೇ ಪಡಸಾಲೆಯಲ್ಲಿ ಬಡಿಸಲು ನಾನು ನಿಂತೆ. ಹುಗ್ಗಿ ಬಡಿಸಿ, ಸಾಲು ಮುಗಿಯಿತೆಂದು ತಿರುಗುವಾಗ ಎಡಗಣ್ಣಿನ ಅಂಚಿನಲ್ಲಿ ಒಂದು ಎಲೆ ಕಂಡಿತು. ತಡವಾಗಿ ಬಂದ ಅತ್ತೆ ಅದೇ ಮೂಲೆಯಲ್ಲಿ ಕೂತಿದ್ದರು. ಹೋಗಿ ಬಡಿಸಿದೆ.

ಅವರು ತಲೆಯೆತ್ತಿ, "ನಾ ಕಂಡ್ನೇನವಾ ನಿನಗ?" ಎಂದರು.

"ಕಂಡ್ರಿ ಅತ್ತಿ" ಎಂದೆ. ತುಪ್ಪ ತಂದು, ಸಾಕೆಂದು ಅವರು ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದಲೇ ಬಿಟ್ಟೆ.