ದಂಡೋತಿಯ ಒಪ್ಪಿಗೆ

ನಿನ್ನೆ ಮಗಳ ಪಠ್ಯಪುಸ್ತಕದ ಹರಿದ ಬೆನ್ನಿಗೆ ಹಚ್ಚಲೆಂದು ಮೈದಾಹಿಟ್ಟಿನ ಅಂಟು ಕುದಿಸುತ್ತಿದ್ದೆ. ಆ ವಾಸನೆಗೆ ಚಿತ್ತಾಪುರದ ನಮ್ಮ ಕಾಕಾರ ಪಡಸಾಲೆಯೇ ಅಡುಗೆಮನೆಗೆ ಬಂದುಬಿಟ್ಟಿತು. ಮಾಸ್ತರಿಕೆಯಿಂದ ನಿವೃತ್ತರಾದ ಕಾಕಾ, ಇಂಥದೇ ಅಂಟಿನಿಂದ ಪುಸ್ತಕಗಳಿಗೆ ರಟ್ಟು ಹಚ್ಚುತ್ತಿದ್ದ ಆ ಪಡಸಾಲೆಯನ್ನೇ ಪ್ರಕಾಶನವೆನ್ನುತ್ತಿದ್ದರು. ಮಾರಾಟವಾಗದ ಪುಸ್ತಕಗಳ ಗಂಟಿನ ಮೇಲೆ ಕುಳಿತೇ ನಾವು ಚಹಾ ಕುಡಿಯುತ್ತಿದ್ದೆವು. ಕುರ್ಚಿ ಕೊಳ್ಳುವ ಪ್ರಸಂಗವೇ ಬರಲಿಲ್ಲ ನೋಡಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸೇಡಂನ ಗ್ರಂಥಾಲಯವೊಂದರಲ್ಲಿ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಿದ್ದಾರೆ, ಅದರಲ್ಲಿ ತಾವು ಅಚ್ಚು ಹಾಕಿಸಿದ ಬೀಸುವ ಹಾಡುಗಳ ಪುಸ್ತಕವೂ ಇದೆ ಎಂದು ಕಾಕಾರಿಗೆ ಸುದ್ದಿ ಬಂತು. ಮರುದಿನವೇ ಪ್ಯಾಸೆಂಜರ್ ಗಾಡಿ ಹತ್ತಿದರು. ಜಗಳ ನೋಡುವ ಆಸೆಗೆ ನಾನೂ ಹೊರಟೆ.

ಗ್ರಂಥಪಾಲಕಿ ಎದ್ದು ನಿಂತು, “ಬರ್ರಿ ಸರ್, ಕುಂದ್ರಿ. ಹಳೇ ಪುಸ್ತಕ ಹುಳ ತಿಂದು ಹಾಳಾಗಬಾರ್ದಂತ ಮಾಡ್ಲಿಕತ್ತೀವ್ರಿ,” ಎಂದಳು.

“ಉಳಸ್ರಿ, ಯಾರು ಬ್ಯಾಡಂತಾರ? ಆದ್ರ ಒಂದು ಮಾತು ಕೇಳಬೇಕಲ್ರಿ! ಎಲ್ರೂ ಪುಕ್ಕಟೆ ಓದಿದ್ರ ನಾ ಮುಂದಿನ ಪುಸ್ತಕ ಹ್ಯಾಂಗ ತರ್ಲಿ? ನಂದು ಬ್ಯಾಡ.”

ಆಕೆ ಆಗಲೆಂದು ಪುಸ್ತಕವನ್ನು ಬದಿಗಿಟ್ಟಳು. ಜಗಳ ಅಷ್ಟಕ್ಕೇ ಮುಗಿದದ್ದು ನನಗೆ ಭಾರಿ ನಿರಾಸೆ.

ಗೆದ್ದ ಹುರುಪಿನಲ್ಲಿ ಕಾಕಾ ಮನೆಗೆ ಹೋಗದೆ ದಂಡೋತಿಯ ಬಸ್ಸು ಹಿಡಿದರು. ಆ ಹಾಡುಗಳನ್ನು ಬರೆದುಕೊಂಡ ರತ್ನಾಬಾಯಿ ಟೀಚರ್ ಇದ್ದದ್ದು ಅಲ್ಲಿ. ಹಾಡಿದವರು ಅವರ ತಾಯಿ. ಪುಸ್ತಕ ಬರುವ ಮೊದಲೇ ತೀರಿಕೊಂಡಿದ್ದರು. ಕಾಕಾ ತಮ್ಮ ಪರಾಕ್ರಮವನ್ನು ಬಣ್ಣಿಸಿದ್ದನ್ನೆಲ್ಲ ಟೀಚರ್ ಕೇಳಿಸಿಕೊಂಡು, ಚಹಾ ಕೊಡುತ್ತಾ ಅಂದರು:

“ಅವರು ನಿಮ್ಗ ಕೇಳ್ಲಾರ್ದ ತಗೊಂಡ್ರು, ತಪ್ಪು. ನೀವು ನನಗ ಕೇಳ್ಲಾರ್ದ ಬ್ಯಾಡಂದ್ರಿ. ಅದೇನ್ರಿ ಸರ್?”

ಕಾಕಾ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

“ಖರೆ ಅದ ರತ್ನಾಬಾಯಿ. ಈಗ ಕೇಳಾಕತ್ತೀನಿ. ಏನ್ ಮಾಡೂಣು?”

“ಹಾಕ್ಲಿ ಬಿಡ್ರಿ. ನಮ್ಮವ್ವ ಈ ಊರು ದಾಟಿದಾಕಿ ಅಲ್ಲ, ಆಕಿ ಹಾಡರ ಹೋಗ್ಲಿ. ಆಕಿ ಹೆಸರಿದ್ದ ಹಾಳಿ ಬಿಡಬಾರ್ದು, ಅಷ್ಟ. ಹೊಸಾ ಪುಸ್ತಕ ಬಂದ್ರ ಮತ್ತ ಕೇಳ್ರಿ.”

ಆ ವಾರವೇ ಕಾಕಾ ಮತ್ತೆ ಸೇಡಂಗೆ ಹೋಗಿ, ಬೇಡವೆಂದಿದ್ದ ಪುಸ್ತಕವನ್ನು ತಾವೇ ಎತ್ತಿ ಗ್ರಂಥಪಾಲಕಿಯ ಕೈಗಿತ್ತರು. ಹೆಸರಿನ ಹಾಳೆ ಯಂತ್ರದಡಿ ಹೋಗುವ ತನಕ ಕುರ್ಚಿ ಬಿಟ್ಟೇಳಲಿಲ್ಲ.

ಈಗ ಕಾಕಾ ಇಲ್ಲ. ಪ್ರಕಾಶನ ನನ್ನ ಪಾಲಿಗೆ ಬಂದಿದೆ. ಟೀಚರ್ ಅವರ ಹೊಸ ಪುಸ್ತಕವನ್ನೂ ಸ್ಕ್ಯಾನ್ ಮಾಡಲು ಕೊಡಿ ಎಂದು ಯಾರೋ ಕೇಳಿದ್ದರು. ಖಡಾಖಂಡಿತ ಆಗದು ಎಂದು ಉತ್ತರ ಬರೆದಿಟ್ಟಿದ್ದೆ. ನಿನ್ನೆ ಅದನ್ನು ಕಳಿಸಲಿಲ್ಲ. ದಂಡೋತಿಗೆ ಫೋನ್ ಹಚ್ಚಿದೆ.

“ಟೀಚರ್, ಒಂದು ಮಾತು ಕೇಳೋದಿತ್ತು.”

ಆ ಕಡೆಯಿಂದ ನಗು. “ಸರ್ ಸಂಗಡ ಅಡ್ಡಾಡಿದ್ದು ಉಪಯೋಗಾತು ನೋಡು. ಕೇಳವ್ವ.”