ಕ್ಷೌರಕ್ಕೆ ಮೊಳಕಾಲ್ಮೂರಿಗೆ

ಮೊದಲು ಕಂಡಿದ್ದು ಅಂಗಿಯ ಹೆಗಲ ಮೇಲೆ. ಬಿಳೀ ಪುಡಿ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ನನ್ನದು. ಯಾರಾದರೂ ಕೇಳಿದರೆ ಶೇಂಗಾ ಸಿಪ್ಪೆಯ ಧೂಳು ಅನ್ನುತ್ತಿದ್ದೆ. ಅದು ಕೆಂಪಗಿರುತ್ತದೆ ಎಂದು ಮಿಲ್ಲಿನವರಿಗೆಲ್ಲ ಗೊತ್ತು. ಪಾಪ, ಯಾರೂ ಹೇಳಲಿಲ್ಲ.

ಒಂದು ಭಾನುವಾರ, ಎಸ್‌ಟಿಡಿ ಬೂತ್ ಪಕ್ಕದ ಕಟಿಂಗ್ ಶಾಪಿನಲ್ಲಿ, ನನ್ನ ಮದುವೆಗೂ ಮುಂಚಿನಿಂದ ಈ ತಲೆ ನೋಡಿಕೊಂಡು ಬಂದ ತಿಪ್ಪೇಸ್ವಾಮಿಯ ಬಾಚಣಿಗೆ ಕಿವಿಯ ಹಿಂದೆ, ಪೊರೆ ಎದ್ದ ಜಾಗದಲ್ಲಿ ನಿಂತಿತು.

ನಿಂತಿತು, ಅಷ್ಟೇ.

ಎದ್ದು ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೆಂಡತಿಯೇ ದಾವಣಗೆರೆಯ ಸ್ಕಿನ್ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸೋರಿಯಾಸಿಸ್. "ಮೈ ಕಾಯಬೇಕಾದ ಇಮ್ಯೂನ್ ಸಿಸ್ಟಮ್ಮೇ, ಇಲ್ಲದ ಗಾಯ ಇದೆ ಅಂತ ಗದ್ದಲ ಎಬ್ಬಿಸುತ್ತೆ. ಚರ್ಮ ಅವಸರಕ್ಕೆ ಬಿದ್ದು ಪದರದ ಮೇಲೆ ಪದರ ಬೆಳೆಸುತ್ತೆ. ಅಂಟುರೋಗ ಅಲ್ಲ. ಪೂರ್ತಿ ಹೋಗಲ್ಲ, ಹಿಡಿತದಲ್ಲಿ ಇಡಬಹುದು" ಎಂದರು.

"ಥೇಟ್ ಇವ್ರಂಗೇ ಐತಲ್ರೀ ಅದು!" ಎಂದಳು ಹೆಂಡತಿ. "ಬಸ್ಸು ಸ್ವಲ್ಪ ಲೇಟಾದ್ರೆ ಆಕ್ಸಿಡೆಂಟೇ ಆಗೈತೆ ಅಂತಾರೆ."

ಅಂಟುವುದಿಲ್ಲ ಎಂದು ತಿಳಿದ ಮೇಲಾದರೂ ನಾಚಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ದಿಂಬು ಬೇರೆ ಮಾಡಿಕೊಂಡೆ. ಕ್ಷೌರಕ್ಕೆ, ಗುರುತಿನವರಿಲ್ಲದ ಮೊಳಕಾಲ್ಮೂರಿಗೆ ಬಸ್ ಹತ್ತತೊಡಗಿದೆ. ಕೆಲವು ಸಲ ಯಾರ ಕಣ್ಣಿಗೂ ಬೀಳದೆ ದಾಟಿತು. ಆಮೇಲೊಂದು ದಿನ ಅಲ್ಲಿಯವನು ಕತ್ತರಿ ಹಿಡಿದೇ ಹಿಂದೆ ಸರಿದು, "ಇದೇಮಿ ಸಾರ್?" ಎಂದು ತೆಲುಗಿನಲ್ಲಿ ಕೇಳಿದ, ಇದೇನು ಎಂದು. ಬೆಂಚಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಡಾಕ್ಟರ ಮಾತು ನನಗೆ ಬಾಯಿಪಾಠವಾಗಿತ್ತು; ಹೇಳಲು ಬಾಯಿಯೇ ಬರಲಿಲ್ಲ. ಅರ್ಧ ಕತ್ತರಿಸಿದ ತಲೆಗೆ ಟವೆಲ್ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಆ ತಲೆ ಹೊತ್ತು ಮಿಲ್ಲಿಗೆ ಹೋಗುವಂತಿಲ್ಲ. ಚಳ್ಳಕೆರೆಯಲ್ಲಿ ಇಳಿದವನು ಬೇರೆ ದಾರಿ ಕಾಣದೆ ತಿಪ್ಪೇಸ್ವಾಮಿಯ ಅಂಗಡಿಗೇ ಹೋದೆ. ಕುರ್ಚಿಯಲ್ಲಿ ಕೂರಿಸಿ ಟವೆಲ್ ಬಿಚ್ಚಿದ.

"ಏನ್ ರೈಟ್ರೇ, ಇಲಿ ಕಡಿದಂಗೈತೆ! ಯಾವ ಪುಣ್ಯಾತ್ಮನ ಕೈಗೆ ಕೊಟ್ಟಿದ್ರಿ?" ಬಗ್ಗಿ ನೋಡಿದ. "ಇದು ಅಂಟ್ತೈತಾ?"

ಬೆಂಚಿನ ತುಂಬ ಜನ.

"ಇಲ್ಲಪ್ಪ. ಸೋರಿಯಾಸಿಸ್. ಅಂಟಲ್ಲ." ಕನ್ನಡಿಯಲ್ಲಿ ನನ್ನ ಕಿವಿಗಳು ಕೆಂಪಾಗಿದ್ದವು.

"ಅವತ್ತೇ ಅನ್ನಬಾರ್ದಾ? ನಿಮಗೆ ನೋವಾಗ್ತೈತೇನೋ ಅಂತ ನಾನು ಬಾಚಣಿಗೆ ನಿಲ್ಲಿಸಿದ್ರೆ, ಎದ್ದು ಹೋಗೋದೇ?"

ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಕೊಟ್ಟೆ.

ಆಯಿಂಟ್‌ಮೆಂಟ್ ಹಚ್ಚುತ್ತಿದ್ದೇನೆ. ಚಳಿ ಬಂದರೆ ಪುಡಿ ಮತ್ತೆ ಉದುರುತ್ತದೆ, ನಾಚಿಕೆಯೂ ಹಿಂದೆಯೇ ಬರುತ್ತದೆ. ಆಗೆಲ್ಲ ಅವತ್ತಿನದು ನೆನೆಯುತ್ತೇನೆ. ಕ್ಷೌರ ಮುಗಿಸಿದ ತಿಪ್ಪೇಸ್ವಾಮಿ ನನಗೆ ಹೊದಿಸಿದ್ದ ಬಟ್ಟೆ ಕೊಡವಿದ. ನನ್ನ ಪುಡಿ ನೆಲದ ಮೇಲೆ ಎಲ್ಲರ ಕೂದಲಿನ ಜೊತೆ ಬಿತ್ತು. ಒಂದೇ ಪೊರಕೆಯಲ್ಲಿ ಅಷ್ಟನ್ನೂ ಮೂಲೆಗೆ ಗುಡಿಸಿ, ಬೆಂಚಿನ ಕಡೆ ತಿರುಗಿ ಕೇಳಿದ:

"ಮುಂದಿನೋರು ಯಾರ್ರಪ್ಪಾ?"