ನಾಲ್ಕು ಗ್ಯಾಲನ್ ನೀರು

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಹಂಪಮ್ಮನ ಕೈ ಮೊಣಕೈವರೆಗೂ ಕೆಂಪು. ಗಂಡ ದೇವೇಂದ್ರಪ್ಪ ಬಣ್ಣ ಕಲಸುತ್ತಿದ್ದ, ಇವಳು ಅದ್ದುತ್ತಿದ್ದಳು. ಅವನು ತೀರಿಕೊಂಡು ಮೂರು ತಿಂಗಳಾದರೂ ಕೈಯ ಕೆಂಪು ಬಿಟ್ಟಿರಲಿಲ್ಲ, ಅವನೂ ಬಿಟ್ಟಿರಲಿಲ್ಲ. ಹಂಡೆಗೆ ನೀರು ಬಿದ್ದರೆ ಸಾಕು, ಅಂಚಿಗೆ ಕೋಲು ಕುಟ್ಟುವ ಸದ್ದು ಕೇಳುತ್ತಿತ್ತು. ಬಣ್ಣ ಕೆಟ್ಟಾಗ ಅವನು ಹಾಗೆಯೇ ಕುಟ್ಟುತ್ತಿದ್ದ. ಬದುಕಿದ್ದಾಗ ಒಂದು ಒಳ್ಳೆಯ ಮಾತಾಡದ ಮನುಷ್ಯ, ಸತ್ತ ಮೇಲಾದರೂ ಸುಮ್ಮನಿರಬಾರದೇ!

ಕುಟ್ಟಲು ಕಾರಣವಿತ್ತು. ಅವನು ಬಣ್ಣ ಹಾಕಿದ ಕೊನೆಯ ಹಾಸು, ಎಂದರೆ ಉದ್ದಕ್ಕೆ ಹೂಡುವ ನೂಲು, ನೇಕಾರ ಲಕ್ಷ್ಮಯ್ಯನ ಮಗ್ಗದ ಮೇಲಿತ್ತು. ಎಂಟು ಸೀರೆಯ ಹಾಸಿನಲ್ಲಿ ಆರು ನೇಯ್ದಾಗಿತ್ತು. ಉಳಿದೆರಡಕ್ಕೆ ಅಡ್ಡನೂಲು ಸಾಲದೆ ಹೋಯಿತು. ಅದೇ ಕೆಂಪು ಬೇಕು. ಹಂಪಮ್ಮ ಎರಡು ಸಲ ಹಾಕಿದಳು, ಎರಡು ಸಲವೂ ನೂಲು ಕಪ್ಪಿಟ್ಟಿತು.

“ಇನ್ನೊಂದ್ಸಲ ನೋಡ್ರಿ ಅಕ್ಕಾ. ಆಗ್ಲಿಲ್ಲಂದ್ರ ಹಾಸು ಕತ್ತರಿಸಿ ತೆಗೀಬೇಕಾಗ್ತೈತಿ,” ಎಂದ ಲಕ್ಷ್ಮಯ್ಯ. ಹಂಪಮ್ಮನಿಗೆ ಕರುಳಿಗೇ ಕತ್ತರಿ ಇಟ್ಟಂತಾಯಿತು.

ಗಂಡನ ವಹಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತು: ಇಷ್ಟು ನೂಲು, ಇಷ್ಟು ಬಣ್ಣ, ನೀರು ನಾಲ್ಕು ಗ್ಯಾಲನ್. ಮಾವನ ಕಾಲದ ಸೀಮೆಎಣ್ಣೆ ಡಬ್ಬದ ಅಳತೆ ಅದು. ಡಬ್ಬ ತುಂಬ ಸುರಿದರೆ ಮುಗಿಯಿತು. ಆದರೆ ದೇವೇಂದ್ರಪ್ಪನ ಕೊನೆಯ ಸ್ನಾನಕ್ಕೆ ನೀರು ಕಾಯಿಸಿದ್ದು ಅದರಲ್ಲೇ. ಅಂಥ ಡಬ್ಬ ಮತ್ತೆ ಒಳಗೆ ಬರುವಂತಿಲ್ಲ. ಹಿತ್ತಿಲ ಬೇವಿನ ಬುಡದಲ್ಲಿ ಬೋರಲು ಬಿದ್ದಿತ್ತು. ಮಗಳು ಐಶ್ವರ್ಯ ಫೋನಿನಲ್ಲಿ ನೋಡಿ ನಾಲ್ಕು ಗ್ಯಾಲನ್ ಎಂದರೆ ಹದಿನೈದು ಲೀಟರ್ ಎಂದಿದ್ದಳು. ಹಂಪಮ್ಮ ಲೀಟರಿನ ಚೊಂಬಿನಲ್ಲಿ ಎಣಿಸಿ ಸುರಿದಿದ್ದಳು.

ಮೂರನೆಯ ಸಲ ಹದಿನೈದನೆಯ ಚೊಂಬು ಬೀಳುತ್ತಿದ್ದಂತೆ ಮತ್ತೆ ಕೋಲಿನ ಸದ್ದು. ಹಂಪಮ್ಮನಿಗೆ ರೇಗಿತು. ಸೀದಾ ಹಿತ್ತಿಲಿಗೆ ಹೋಗಿ ಡಬ್ಬವನ್ನು ನೆಟ್ಟಗೆ ನಿಲ್ಲಿಸಿದಳು.

“ಯವ್ವಾ, ಅದನ್ನ ಮುಟ್ಟಬ್ಯಾಡ!” ಎಂದು ಐಶ್ವರ್ಯ ಓಡಿ ಬಂದಳು.

“ನಿಮ್ಮಪ್ಪ ನನ್ನ ಬಿಟ್ಟಾನೇನು? ನೀರು ತಾ.”

ಹದಿನೈದು ಚೊಂಬು ಸುರಿದರೂ ಡಬ್ಬ ತುಂಬಲಿಲ್ಲ. ಹದಿನಾರು, ಹದಿನೇಳು. ಹದಿನೆಂಟಕ್ಕೆ ನೀರು ಕಂಠಕ್ಕೆ ಬಂತು. ಐಶ್ವರ್ಯ ಮತ್ತೆ ಫೋನ್ ನೋಡಿ ನಾಲಿಗೆ ಕಚ್ಚಿಕೊಂಡಳು.

“ಗ್ಯಾಲನ್ ಎರಡು ಥರ ಅದಾವು ಯವ್ವಾ. ನಾ ನೋಡಿದ್ದು ಅಮೆರಿಕಾದ್ದು. ಈ ಡಬ್ಬದ್ದು ಬ್ರಿಟಿಷರದು, ಅದು ದೊಡ್ಡದು.”

ಮೂರು ಲೀಟರ್ ನೀರು ಕಡಿಮೆಯಾಗಿ ಬಣ್ಣ ಗಾಢವಾಗಿತ್ತು, ಅಷ್ಟೇ. ಹದಿನೆಂಟು ಲೀಟರಿನಲ್ಲಿ ಅದ್ದಿದ ನೂಲನ್ನು ಲಕ್ಷ್ಮಯ್ಯ ಹಾಸಿನ ಮೇಲಿಟ್ಟು ನೋಡಿ, ಯಾವುದು ಹಳೆಯದೆಂದು ತನಗೇ ತಿಳಿಯದೆ ನಕ್ಕುಬಿಟ್ಟ. ಎರಡೂ ಸೀರೆ ಮುಗಿದವು.

ಅಂದಿನಿಂದ ಕೋಲಿನ ಸದ್ದಿಲ್ಲ. ಮೊದಲ ದಿನ ಹಾಯೆನಿಸಿತು. ವಾರ ಕಳೆಯುವಷ್ಟರಲ್ಲಿ ಹಂಡೆಯ ಮುಂದೆ ಕೂರುವುದೇ ಕಷ್ಟವಾಯಿತು. ಅವನು ನಿಜವಾಗಿ ಹೋದದ್ದು ಈಗಲೇ ಎನಿಸಿ ಅಳು ಬಂತು. ಒಂದು ಮಧ್ಯಾಹ್ನ, ಮಗಳು ಮನೆಯಲ್ಲಿಲ್ಲದಾಗ, ಹಂಪಮ್ಮ ಹಂಡೆಗೆ ಚೊಂಬಿನಿಂದ ನೀರು ಎಣಿಸಿ ಸುರಿಯತೊಡಗಿದಳು. ಹದಿನೈದಕ್ಕೆ ನಿಲ್ಲಿಸಿ, ಕಿವಿಗೊಟ್ಟು ಕುಳಿತಳು.